ಕೆರಿಬಿಯನ್‌ನಲ್ಲಿ ಒಂದು ಗಣರಾಜ್ಯ ಕಟ್ಟುತ್ತಿದ್ದೇನೆ, ತಪ್ಪು ಹುಡುಕಿ ಕೊಡಿ

ನೀಲಿಶಾಯಿ:
ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ. ದ್ವೀಪ ನನ್ನದೇ ಕಲ್ಪನೆ, ಹೆಸರು ಇನ್ನೂ ಇಟ್ಟಿಲ್ಲ. ಕಳೆದ ವರ್ಷದ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ನಕ್ಷೆ ಬರೆದಿದ್ದೇನೆ. ಕಾಫಿ ಲೋಟ ಇಟ್ಟ ಕಲೆಯೇ ಈಗ ಬಂದರು. ಜನಸಂಖ್ಯೆ ಎರಡು ಲಕ್ಷ. ಹಿಂದೆ ಬ್ರಿಟಿಷರ ಕಬ್ಬಿನ ತೋಟ, ಈಗ ಪ್ರವಾಸಿಗರ ದುಡ್ಡು.

ಸರ್ಕಾರ ಹೀಗೆ: ಜನ ದಂಗೆ ಎದ್ದು ರಾಣಿಯ ಪ್ರತಿನಿಧಿಯನ್ನು ಹಡಗು ಹತ್ತಿಸಿ ಕಳಿಸುತ್ತಾರೆ. ಮಾರನೇ ದಿನವೇ ಹೊಸ ಸಂವಿಧಾನ, ಹೊಸ ಕಾನೂನು, ಹೊಸ ಕೋರ್ಟು. ಜನರೇ ಆರಿಸಿದ ಗಟ್ಟಿ ಅಧ್ಯಕ್ಷ. ಒಂದೇ ಸದನ, 20 ಸೀಟು. ಗಲ್ಲು ಇಲ್ಲ. ಗಾಂಜಾಕ್ಕೆ ಅಡ್ಡಿ ಇಲ್ಲ. ಮದುವೆ ಅವರವರ ಇಷ್ಟ. ಚೆನ್ನಾಗಿದೆ ಅಲ್ವಾ? ಎಲ್ಲಿ ಎಡವಿದ್ದೇನೆ ಹೇಳಿ, ಮುಲಾಜು ಬೇಡ.

ಕ್ರಿಕೆಟ್‌ಕಿಟ್ಟಿ:
ಮೊದಲನೇ ತಪ್ಪು: ಕ್ರಿಕೆಟ್ ತಂಡ ಎಲ್ಲಿ?

ಹಳೇವಕೀಲ:
ಮುಲಾಜು ಬೇಡ ಅಂದಿರಿ, ಹಾಗಾಗಿ ಹೇಳುತ್ತೇನೆ. ಆ "ಮಾರನೇ ದಿನ" ಅನ್ನುವ ಮಾತಿದೆಯಲ್ಲ, ಅದೇ ನಿಮ್ಮ ದೊಡ್ಡ ತಪ್ಪು. ಬ್ರಿಟಿಷರ ಕೈಕೆಳಗಿದ್ದ ಕೆರಿಬಿಯನ್ ದ್ವೀಪಗಳಲ್ಲಿ ಗಣರಾಜ್ಯ ಬಂದಿದ್ದು ದಂಗೆಯಿಂದಲ್ಲ, ಕಾಗದದ ಕೆಲಸದಿಂದ.

ಬಾರ್ಬಡೋಸ್ ನೋಡಿ. 2021ರ ನವೆಂಬರ್ 30ಕ್ಕೆ ಗಣರಾಜ್ಯವಾಯಿತು. ರಾಣಿಯ ಪ್ರತಿನಿಧಿಯಾಗಿ ಗವರ್ನರ್ ಜನರಲ್ ಆಗಿದ್ದವರು ಸಾಂಡ್ರಾ ಮೇಸನ್. ಮೊದಲ ಅಧ್ಯಕ್ಷೆ ಯಾರು? ಅವರೇ. ಸಂಸತ್ತು ಅಕ್ಟೋಬರ್‌ನಲ್ಲೇ ಆರಿಸಿಟ್ಟಿತ್ತು. ಪ್ರಧಾನಿ ಮಿಯಾ ಮೋಟ್ಲಿ ಮೊದಲೂ ಅವರೇ, ಆಮೇಲೂ ಅವರೇ. ಸಂವಿಧಾನ ಕೂಡ ಹಳೆಯದೇ, ತಿದ್ದುಪಡಿ ಮಾಡಿದ್ದು ಅಷ್ಟೆ. ಯಾರನ್ನೂ ಹಡಗು ಹತ್ತಿಸಲಿಲ್ಲ. ಉಲ್ಟಾ, ಯುವರಾಜ ಚಾರ್ಲ್ಸ್ ಅವರೇ ಬಂದು ಸಮಾರಂಭದಲ್ಲಿ ಕೂತಿದ್ದರು. ಟ್ರಿನಿಡಾಡ್‌ನಲ್ಲೂ 1976ರಲ್ಲಿ ಇದೇ ಕಥೆ. ಗವರ್ನರ್ ಜನರಲ್ ಎಲ್ಲಿಸ್ ಕ್ಲಾರ್ಕ್ ಆಗಸ್ಟ್ 1ರಂದು ಅಧ್ಯಕ್ಷರಾದರು. ಕುರ್ಚಿ ಅದೇ, ಬೋರ್ಡು ಬೇರೆ.

ನೀಲಿಶಾಯಿ:
ಸಾರ್, ಹಾಗಾದರೆ ದಂಗೆ ಎದ್ದು ಸ್ವತಂತ್ರವಾದವರೇ ಇಲ್ಲವೇ?

ಹಳೇವಕೀಲ:
ಇದ್ದಾರೆ, ಹೈಟಿ. ಆದರೆ ಅವರ ಎದುರಿಗಿದ್ದವರು ಫ್ರೆಂಚರು. ಗುಲಾಮರೇ ಯುದ್ಧ ಗೆದ್ದು 1804ರ ಜನವರಿ 1ಕ್ಕೆ ಸ್ವಾತಂತ್ರ್ಯ ಸಾರಿದರು. 1805ರ ಸಂವಿಧಾನದಲ್ಲಿ ಬಿಳಿಯರು ಒಡೆಯರಾಗಿ ಇಲ್ಲಿ ಕಾಲಿಡುವಂತಿಲ್ಲ, ಆಸ್ತಿ ಮಾಡುವಂತಿಲ್ಲ ಅಂತ ಬರೆದರು. ನಿಮ್ಮ "ಎಲ್ಲಾ ಹೊಸದು" ಅಂದರೆ ಅದು. ಅದರ ಬಿಲ್ಲು ಬಂದಿದ್ದು 1825ರಲ್ಲಿ. ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ, ನಮ್ಮ ತೋಟದ ಮಾಲೀಕರಿಗಾದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ ಅಂತ ಕೇಳಿತು. ಆಮೇಲೆ 9 ಕೋಟಿಗೆ ಇಳಿಯಿತು. ಅದನ್ನು ಕಟ್ಟಲು ಮಾಡಿದ ಸಾಲದ ಬಾಲ 1947ರವರೆಗೂ ಬಿಡಲಿಲ್ಲ. ದಂಗೆ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆಮೇಲೆ ನಿಮ್ಮ ದ್ವೀಪಕ್ಕೆ ಯಾರು ಸಾಲ ಕೊಡುತ್ತಾರೆ, ಯಾರು ಸಕ್ಕರೆ ಕೊಳ್ಳುತ್ತಾರೆ ಅನ್ನುವುದನ್ನೂ ಬರೆಯಬೇಕು.

ಕ್ರಿಕೆಟ್‌ಕಿಟ್ಟಿ:
ತಮಾಷೆ ಬಿಟ್ಟು ಹೇಳುತ್ತೇನೆ. ವೆಸ್ಟ್ ಇಂಡೀಸ್ ಅನ್ನುವ ದೇಶವೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಪಿಯುಸಿಯಲ್ಲಿ. ಚಿನ್ನಸ್ವಾಮಿಯಲ್ಲಿ 175 ಹೊಡೆದ ನಮ್ಮ ಗೇಲ್ ಜಮೈಕಾದವನು. ಅಲ್ಲಿ ಇವತ್ತಿಗೂ ಬ್ರಿಟನ್ ರಾಜನೇ ರಾಜ. ಲಾರಾ, ಪೊಲಾರ್ಡ್, ನರೈನ್ ಟ್ರಿನಿಡಾಡ್‌ನವರು, ಅದು ಗಣರಾಜ್ಯ. ಒಂದೇ ಡ್ರೆಸ್ಸಿಂಗ್ ರೂಮು, ಒಳಗೆ ಅರ್ಧ ಜನ ರಾಜನ ಪ್ರಜೆಗಳು, ಇನ್ನರ್ಧ ಅಲ್ಲ.

ಒಂದೇ ದೇಶ ಮಾಡುವ ಪ್ರಯತ್ನವೂ ನಡೆದಿತ್ತು. 1958ರಲ್ಲಿ ಹತ್ತು ಭಾಗಗಳು ಸೇರಿ ಒಕ್ಕೂಟ ಮಾಡಿಕೊಂಡವು. 1961ರಲ್ಲಿ ಜಮೈಕಾದ ಜನ ವೋಟು ಹಾಕಿ ಹೊರಗೆ ನಡೆದರು. ಆಗ ಟ್ರಿನಿಡಾಡ್‌ನ ನಾಯಕ ಎರಿಕ್ ವಿಲಿಯಮ್ಸ್ ಹೇಳಿದ ಲೆಕ್ಕ ಫೇಮಸ್ಸು: ಹತ್ತರಲ್ಲಿ ಒಂದು ಕಳೆದರೆ ಸೊನ್ನೆ. 1962ಕ್ಕೆ ಒಕ್ಕೂಟ ಮುಚ್ಚಿತು. ಉಳಿದಿದ್ದು ಕ್ರಿಕೆಟ್ ತಂಡ ಮತ್ತು ಒಂದು ವಿಶ್ವವಿದ್ಯಾಲಯ.

ಗ್ಯಾಸ್‌ಪೈಪು:
ಟ್ರಿನಿಡಾಡ್ ಹೆಸರು ಬಂದ ಮೇಲೆ ಸುಮ್ನೆ ಕೂರೋದು ಕಷ್ಟ. 2008ರಿಂದ ನಾಲ್ಕು ವರ್ಷ ಪಾಯಿಂಟ್ ಲೀಸಸ್‌ನಲ್ಲಿ ಕೆಲಸ ಮಾಡಿದೆ. ಗ್ಯಾಸಿನಿಂದ ಅಮೋನಿಯಾ, ಮೆಥನಾಲ್ ಮಾಡುವ ಜಾಗ ಅದು. ಬೆಳಿಗ್ಗೆ ರಸ್ತೆ ಬದಿ ಡಬಲ್ಸ್ ತಿಂದು ಡ್ಯೂಟಿಗೆ ಹೋಗುತ್ತಿದ್ದೆ. ಎರಡು ಮೆತ್ತನೆ ಬಾರಾ, ಅಂದರೆ ಕರಿದ ರೊಟ್ಟಿ, ನಡುವೆ ಕಡಲೆ ಸಾರು, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಖಾರ "ಸ್ವಲ್ಪ" ಅಂದರೂ ಕಣ್ಣಲ್ಲಿ ನೀರು.

ನೀಲಿಶಾಯಿ ಅವರೇ, ನಿಮ್ಮ 20 ಸೀಟು ನೋಡಿದ ತಕ್ಷಣ ಎದೆ ಧಸಕ್ ಅಂದಿತು. ಸಮಸಂಖ್ಯೆ ಇಡಬೇಡಿ! ಟ್ರಿನಿಡಾಡ್‌ನಲ್ಲಿ ಆಗ 36 ಸೀಟು. 2001ರ ಡಿಸೆಂಬರ್ ಚುನಾವಣೆಯಲ್ಲಿ 18-18 ಬಂತು. ಪ್ರಧಾನಿಯಾಗಿದ್ದವರು ಬಾಸ್ದೇವ್ ಪಾಂಡೇ, ಭಾರತೀಯ ಮೂಲದ ಮೊದಲ ಪ್ರಧಾನಿ. ಅಧ್ಯಕ್ಷರಾಗಿದ್ದ ರಾಬಿನ್ಸನ್, ಪಾಂಡೇ ಅವರನ್ನು ಬಿಟ್ಟು, ಎದುರು ಪಕ್ಷದ ಪ್ಯಾಟ್ರಿಕ್ ಮ್ಯಾನಿಂಗ್ ಅವರನ್ನು ಕರೆದರು. ಕೊಟ್ಟ ಕಾರಣ ನೈತಿಕ, ಆಧ್ಯಾತ್ಮಿಕ ಮೌಲ್ಯ. ಅಷ್ಟಕ್ಕೇ ಮುಗಿಯಲಿಲ್ಲ. 2002ರ ಏಪ್ರಿಲ್‌ನಲ್ಲಿ ಸದನ ಸೇರಿದರೆ ಸ್ಪೀಕರ್ ಆಯ್ಕೆಯೇ ಆಗಲಿಲ್ಲ. ಎರಡೂ ಕಡೆ ಒಪ್ಪುವ ಒಂದು ಹೆಸರೂ ಸಿಗಲಿಲ್ಲ. ಸ್ಪೀಕರ್ ಇಲ್ಲ ಅಂದರೆ ಸದನ ಇಲ್ಲ. ಕೊನೆಗೆ ಅಕ್ಟೋಬರ್‌ನಲ್ಲಿ ಮತ್ತೆ ಚುನಾವಣೆ. ಆಮೇಲೆ ಸೀಟು 41 ಮಾಡಿದರು.

ಬುದ್ಧಿ ಬಂತು ಅಂದುಕೊಂಡಿರಾ? ಅದೇ ದೇಶದ ಇನ್ನೊಂದು ದ್ವೀಪ ಟೊಬೇಗೊಗೆ ತನ್ನದೇ ಒಂದು ವಿಧಾನಸಭೆ ಇದೆ. ಅಲ್ಲಿ 12 ಸೀಟು. 2021ರ ಜನವರಿಯಲ್ಲಿ 6-6. ಆಗ ಅದನ್ನೂ 15 ಮಾಡಿ ಡಿಸೆಂಬರ್‌ನಲ್ಲಿ ಮತ್ತೆ ಚುನಾವಣೆ ನಡೆಸಿದರು. ಈ ಸಲ 14-1.

ಕ್ರಿಕೆಟ್‌ಕಿಟ್ಟಿ:
ಬೆಸ ಸಂಖ್ಯೆ ಇದ್ದ ಮಾತ್ರಕ್ಕೆ ಎಲ್ಲಾ ಸರಿಹೋಗುತ್ತಾ ಗುರೂ? 2018ರಲ್ಲಿ ನಮ್ಮಲ್ಲಿ 104 ಸೀಟಿನವರನ್ನು ರಾಜ್ಯಪಾಲರು ಕರೆದರು. ಮೇ 17ಕ್ಕೆ ಪ್ರಮಾಣ, 19ಕ್ಕೆ ರಾಜೀನಾಮೆ. ಯಾರನ್ನು ಮೊದಲು ಕರೆಯಬೇಕು ಅನ್ನುವುದು ಬರೆದಿಡದಿದ್ದರೆ ಇದೇ ಗತಿ.

ನಿರ್ವಾಹಕ:
ಕರ್ನಾಟಕ ರಾಜಕೀಯಕ್ಕೆ ಬೇರೆ ವಿಭಾಗ ಇದೆ. ಇಲ್ಲಿ ದ್ವೀಪ ಮಾತ್ರ.

ಗ್ಯಾಸ್‌ಪೈಪು:
ನಿರ್ವಾಹಕರು ಕ್ಷಮಿಸಬೇಕು, ಒಂದೇ ಮಾತು. ನಮ್ಮಲ್ಲಿ ಸದನದಲ್ಲಿ ಬಲ ತೋರಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿತು, ಎರಡು ದಿನಕ್ಕೆ ಮುಗಿಯಿತು. ಅಲ್ಲಿ ತೋರಿಸಲು ಸದನವೇ ನಡೆಯಲಿಲ್ಲ.

ಇನ್ನೊಂದು, ಎರಡು ಸದನ ಬೇಡ ಅಂತ ಕೈ ಬಿಡಬೇಡಿ. ಟ್ರಿನಿಡಾಡ್‌ನ ಸೆನೆಟ್ ನನಗೆ ತುಂಬಾ ಇಷ್ಟ. 31 ಜನ, ಯಾರೂ ಚುನಾವಣೆ ಗೆದ್ದು ಬಂದವರಲ್ಲ. ಪ್ರಧಾನಿ ಹೇಳಿದವರು 16, ವಿರೋಧ ಪಕ್ಷದ ನಾಯಕ ಹೇಳಿದವರು 6, ಅಧ್ಯಕ್ಷರು ತಾವೇ ಆರಿಸುವ ಸ್ವತಂತ್ರರು 9. ಜನರ ಮೂಲಭೂತ ಹಕ್ಕು ಮೊಟಕು ಮಾಡುವ ಕಾನೂನು ತರಬೇಕಾದರೆ ಎರಡೂ ಸದನದಲ್ಲಿ ಐದರಲ್ಲಿ ಮೂರು ಪಾಲು ವೋಟು ಬೇಕು. ಸೆನೆಟ್‌ನಲ್ಲಿ ಅಂದರೆ 19. ಸರ್ಕಾರದ ಹತ್ತಿರ ಇರುವುದು 16. ವಿರೋಧ ಪಕ್ಷ ಒಪ್ಪದಿದ್ದರೆ ಸ್ವತಂತ್ರರಲ್ಲಿ ಮೂವರನ್ನಾದರೂ ಒಪ್ಪಿಸಲೇಬೇಕು. ಒಬ್ಬ ಪ್ರೊಫೆಸರ್, ಒಬ್ಬ ಡಾಕ್ಟರ್, ಒಬ್ಬ ವಕೀಲ ಅಂತ ಇಟ್ಟುಕೊಳ್ಳಿ. ಇವರ ಮನೆ ಬಾಗಿಲಿಗೆ ಮಂತ್ರಿ ರಾತ್ರಿ ಬರುತ್ತಾನೆ. ಕಾದಂಬರಿಗೆ ಇದಕ್ಕಿಂತ ಏನು ಬೇಕು?

ನೀಲಿಶಾಯಿ:
ಈ ಮೂವರು ಸಿಕ್ಕಿದ್ದು ನನಗೆ ಲಾಟರಿ. ಸೀಟು 21 ಮಾಡಿದೆ. ಆದರೆ ಎರಡು ಲಕ್ಷ ಜನಕ್ಕೆ ಎರಡು ಸದನ ಜಾಸ್ತಿ ಆಗಲ್ವಾ?

ಬೇಲಿಹೂವು:
ಡೊಮಿನಿಕಾ ನೋಡಿ. ಡೊಮಿನಿಕನ್ ಗಣರಾಜ್ಯ ಅಲ್ಲ, ಅದು ಬೇರೆ ದೇಶ. ನನ್ನ ಹತ್ತನೇ ಕ್ಲಾಸಿನ ಮಕ್ಕಳು ಪ್ರತಿ ವರ್ಷ ನಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡುತ್ತಾರೆ. ಡೊಮಿನಿಕಾ 1978ರಲ್ಲಿ ಸ್ವಾತಂತ್ರ್ಯದ ದಿನವೇ ಗಣರಾಜ್ಯವಾಯಿತು. ಜನ ಸುಮಾರು 70 ಸಾವಿರ. ಅಲ್ಲಿ 21 ಚುನಾಯಿತರು, 9 ಸೆನೆಟರುಗಳು ಒಂದೇ ಸದನದಲ್ಲಿ ಕೂರುತ್ತಾರೆ. ನಿಮ್ಮ ಮೂವರನ್ನೂ ಅಲ್ಲೇ ಕೂರಿಸಬಹುದು.

ಇನ್ನೊಂದು ಕೇಳಬೇಕು ಅಂತಿದ್ದೆ. ಕಬ್ಬಿನ ತೋಟಕ್ಕೆ ಮುಂಚೆ ನಿಮ್ಮ ದ್ವೀಪದಲ್ಲಿ ಯಾರಿದ್ದರು? ನಕ್ಷೆಯಲ್ಲಿ ಅವರಿಗೆ ಜಾಗ ಕೊಟ್ಟಿದ್ದೀರಾ? ಡೊಮಿನಿಕಾದ ಮೂಲನಿವಾಸಿಗಳು ಕಲಿನಾಗೊ. 1903ರಲ್ಲಿ ಅವರಿಗೆ ಅಂತ 3,700 ಎಕರೆ ಬಿಟ್ಟರು. ಭೂಮಿ ಸಮುದಾಯದ್ದು, ಒಬ್ಬೊಬ್ಬರ ಹೆಸರಿಗೆ ಪಟ್ಟಾ ಇಲ್ಲ. ಹಾಗಾಗಿ ಅದನ್ನು ಅಡವಿಟ್ಟು ಬ್ಯಾಂಕ್ ಸಾಲ ಎತ್ತುವುದು ಕಷ್ಟ. 2023ರಲ್ಲಿ ಅದೇ ಸಮುದಾಯದ ಸಿಲ್ವಾನಿ ಬರ್ಟನ್ ದೇಶದ ಅಧ್ಯಕ್ಷೆಯಾದರು.

ನೀಲಿಶಾಯಿ:
ಅಕ್ಕಾ, ಮುಖ ಕೆಂಪಾಯಿತು. ನಕ್ಷೆಯಲ್ಲಿ ಅವರು ಇಲ್ಲವೇ ಇಲ್ಲ. ಪೂರ್ವದ ಗುಡ್ಡಗಾಡು ಖಾಲಿ ಇದೆ, ಅಲ್ಲಿ ಬರೆಯುತ್ತೇನೆ.

ಬೇಲಿಹೂವು:
ಯಾವಾಗಲೂ ಅವರಿಗೆ ಸಿಗುವುದು ಆ ಗುಡ್ಡಗಾಡೇ. ಡೊಮಿನಿಕಾದಲ್ಲೂ ಪೂರ್ವದ ತೀರವೇ.

ಹಳೇವಕೀಲ:
ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಲ್ಲು ಇಲ್ಲ ಅಂತ ಒಂದು ಸಾಲಲ್ಲಿ ಬರೆದುಬಿಟ್ಟಿದ್ದೀರಿ. ಅಲ್ಲಿ ಅದು ಅಷ್ಟು ಸುಲಭ ಅಲ್ಲ. ಕಾರಣ ಒಂದು ಕಲಂ. "ಹಳೇ ಕಾನೂನು ಉಳಿಸುವ ಕಲಂ" ಅನ್ನೋಣ.

ಮನೆ ಮಾರುವಾಗ ಕೆಲವರು ಷರತ್ತು ಹಾಕುತ್ತಾರೆ: ಹಿಂದಿನ ಕೋಣೆಯಲ್ಲಿರುವ ಬಾಡಿಗೆಯವನನ್ನು ಎಬ್ಬಿಸಬಾರದು ಅಂತ. ಮನೆ ನಿಮ್ಮದು, ಬಣ್ಣ ನಿಮ್ಮದು, ಬಾಗಿಲ ಮೇಲೆ ಹೆಸರು ನಿಮ್ಮದು. ಹಿಂದಿನ ಕೋಣೆ ಮಾತ್ರ ಅವನದು. ಈ ಕಲಂ ಹಾಗೆಯೇ. ಸಂವಿಧಾನ ಬರುವ ಮೊದಲೇ ಇದ್ದ ಕಾನೂನನ್ನು, ಅದು ಮೂಲಭೂತ ಹಕ್ಕಿಗೆ ವಿರುದ್ಧವಾಗಿದ್ದರೂ, ಕೋರ್ಟು ರದ್ದು ಮಾಡುವಂತಿಲ್ಲ. ಸಂಸತ್ತು ಬೇಕಾದರೆ ತೆಗೆಯಬಹುದು. ಸಂಸತ್ತಿನವರಿಗೆ ವೋಟಿನ ಭಯ, ತೆಗೆಯುವುದಿಲ್ಲ.

ನಾವು ಬೇರೆ ದಾರಿ ಹಿಡಿದೆವು. ನಮ್ಮ 372ನೇ ವಿಧಿ ಹಳೇ ಕಾನೂನನ್ನು ಮುಂದುವರಿಸಿತು. ಆದರೆ 13ನೇ ವಿಧಿ, ಮೂಲಭೂತ ಹಕ್ಕಿಗೆ ತಾಗಿದಷ್ಟು ಭಾಗ ಸತ್ತಂತೆ ಅಂತ ಹೇಳಿತು. ಅಂದರೆ ನಮ್ಮ ಬಾಡಿಗೆಯವನನ್ನು ಎಬ್ಬಿಸಬಹುದು.

ಫಲ ನೋಡಿ. ಸಲಿಂಗ ಸಂಬಂಧ ಅಪರಾಧ ಅನ್ನುವ ಕಾನೂನನ್ನು ಟ್ರಿನಿಡಾಡ್ ಹೈಕೋರ್ಟ್ 2018ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ನಮ್ಮ ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ 377ರ ಹಲ್ಲು ಕಿತ್ತಿತು. ಅವರು ನಮಗಿಂತ ಐದು ತಿಂಗಳು ಮುಂದೆ! ಆದರೆ 2025ರ ಮಾರ್ಚ್‌ನಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಅದೇ ಉಳಿಸುವ ಕಲಂ ಹಿಡಿದು ಆ ತೀರ್ಪನ್ನು ಉಲ್ಟಾ ಮಾಡಿತು. ಶಿಕ್ಷೆ 25 ವರ್ಷದಿಂದ 5ಕ್ಕೆ ಇಳಿಯಿತು, ಅಪರಾಧ ಅಪರಾಧವಾಗಿಯೇ ವಾಪಸ್ ಬಂತು.

ನೀಲಿಶಾಯಿ:
ಗಣರಾಜ್ಯವಾದಾಗ ಆ ಕಲಂ ಕಿತ್ತು ಹಾಕಬಹುದಿತ್ತಲ್ಲ ಸಾರ್?

ಹಳೇವಕೀಲ:
ಹಾಕಬಹುದಿತ್ತು. 1976ರಲ್ಲಿ ಹಾಕಲಿಲ್ಲ. ಅದಕ್ಕೇ ಗಲ್ಲೂ ಉಳಿಯಿತು. ಟ್ರಿನಿಡಾಡ್‌ನಲ್ಲಿ ಕೊಲೆ ಸಾಬೀತಾದರೆ ನ್ಯಾಯಾಧೀಶರಿಗೆ ಬೇರೆ ಆಯ್ಕೆ ಇಲ್ಲ, ಮರಣದಂಡನೆಯೇ. ಕೊನೆಯ ಅಪೀಲು ಹೋಗುವುದು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. ಅವರು 1993ರಲ್ಲಿ, ಜಮೈಕಾದ ಕೇಸೊಂದರಲ್ಲಿ, ಐದು ವರ್ಷಕ್ಕಿಂತ ಜಾಸ್ತಿ ಕಾಯಿಸಿ ಗಲ್ಲಿಗೇರಿಸುವುದು ಕ್ರೌರ್ಯ ಅಂದರು. ಅಪೀಲಿನ ಮೇಲೆ ಅಪೀಲು ಹೋಗಿ ಐದು ವರ್ಷ ದಾಟಿಬಿಡುತ್ತದೆ. 1999ರಲ್ಲಿ ಹತ್ತು ಜನರನ್ನು ಗಲ್ಲಿಗೇರಿಸಿದರು, ಆಮೇಲೆ ಒಬ್ಬರನ್ನೂ ಇಲ್ಲ. ಶಿಕ್ಷೆ ಮಾತ್ರ ಪುಸ್ತಕದಲ್ಲಿದೆ. 2022ರಲ್ಲಿ ಪ್ರಿವಿ ಕೌನ್ಸಿಲ್‌ನ ಒಂಬತ್ತು ಜನ ಕೂತು ನೋಡಿ, ಇದು ಉಳಿಸುವ ಕಲಂ ಕೆಳಗೆ ಬರುತ್ತದೆ, ತೆಗೆಯುವುದಿದ್ದರೆ ನಿಮ್ಮ ಸಂಸತ್ತೇ ತೆಗೆಯಲಿ ಅಂದರು. ನಿಮ್ಮ ಕಾದಂಬರಿಯ ಜೈಲಿನಲ್ಲಿ ಗಲ್ಲು ಶಿಕ್ಷೆಯಾಗಿ, ಗಲ್ಲಾಗದೆ ಮುದುಕನಾಗುತ್ತಿರುವ ಒಬ್ಬನನ್ನು ಇಡಿ.

ಗ್ಯಾಸ್‌ಪೈಪು:
ಇದರ ತಮಾಷೆ ಕೇಳಿ. ಲಂಡನ್ ಬೇಡ ಅಂತ ಕೆರಿಬಿಯನ್‌ನವರು ತಮ್ಮದೇ ಒಂದು ಮೇಲಿನ ಕೋರ್ಟು ಮಾಡಿಕೊಂಡರು. 2005ರಲ್ಲಿ ಶುರುವಾಯಿತು. ಅದರ ಕಟ್ಟಡ ಎಲ್ಲಿದೆ? ಟ್ರಿನಿಡಾಡ್ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಬಾರ್ಬಡೋಸ್, ಗಯಾನಾ, ಬೆಲೀಜ್, ಡೊಮಿನಿಕಾ, ಸೇಂಟ್ ಲೂಸಿಯಾ ಅಪೀಲು ತರುವುದು ಅಲ್ಲಿಗೆ. ಟ್ರಿನಿಡಾಡ್‌ನವರು ಮಾತ್ರ ಅದರ ಮುಂದೆಯೇ ಹಾದು ಲಂಡನ್‌ಗೆ ಹೋಗುತ್ತಾರೆ. ಅಲ್ಲಿ ಗೆಳೆಯನೊಬ್ಬನನ್ನು ಕೇಳಿದ್ದೆ, ಯಾಕೆ ಹೀಗೆ ಅಂತ. "ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಗೊತ್ತಿಲ್ಲದವರೇ ನ್ಯಾಯ ಹೇಳಲಿ" ಅಂದ. ಸಣ್ಣ ದ್ವೀಪದ ರಾಜಕೀಯ ಪೂರ್ತಿ ಆ ಮಾತಿನಲ್ಲಿದೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹಳೇವಕೀಲ:
ಆ ಹೊಸ ಕೋರ್ಟು 2018ರಲ್ಲಿ ಬಾರ್ಬಡೋಸ್‌ನ ಕಡ್ಡಾಯ ಗಲ್ಲನ್ನು ತೆಗೆದುಹಾಕಿತು. ಕಲಂ ಎರಡೂ ಕಡೆ ಒಂದೇ ಥರದ್ದು, ಓದಿದ ಕಣ್ಣು ಬೇರೆ. ನೀಲಿಶಾಯಿ, ನಿಮ್ಮ ದ್ವೀಪದ ಕೊನೆಯ ಅಪೀಲು ಯಾವ ಊರಿಗೆ ಹೋಗುತ್ತದೆ ಅನ್ನುವುದನ್ನು ಅಧ್ಯಕ್ಷರ ಹೆಸರಿಗಿಂತ ಮೊದಲು ತೀರ್ಮಾನಿಸಿ.

ಬೇಲಿಹೂವು:
ಮದುವೆಗೆ ಬನ್ನಿ. "ಅವರವರ ಇಷ್ಟ" ಅಂತ ಬರೆದಿದ್ದೀರಿ, ಆದರೆ ಮದುವೆಗೆ ಇಷ್ಟ ಒಂದೇ ಸಾಲದು, ರಿಜಿಸ್ಟರ್ ಬೇಕು. 1845ರಿಂದ 1917ರವರೆಗೆ ಸುಮಾರು 1.4 ಲಕ್ಷ ಭಾರತೀಯರು ಕಬ್ಬಿನ ಕೂಲಿಗೆ ಟ್ರಿನಿಡಾಡ್‌ಗೆ ಹೋದರು. ಹೆಚ್ಚಿನವರು ಕಲ್ಕತ್ತಾದಿಂದ, ಕೆಲವರು ಮದ್ರಾಸಿನಿಂದ. ಬಿದಿರಿನ ಚಪ್ಪರದ ಕೆಳಗೆ ಅವರು ಮಾಡಿಕೊಂಡ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಹುಟ್ಟಿದ ಮಕ್ಕಳು ಕಾಗದದಲ್ಲಿ ಅಕ್ರಮ. ಅಪ್ಪ ಸತ್ತರೆ ಆಸ್ತಿಗೆ ಜಗಳ. ಹಿಂದೂ ವಿವಾಹ ಕಾಯ್ದೆ ಬಂದಿದ್ದು 1945ರಲ್ಲಿ. ಬಂದ ನೂರು ವರ್ಷಕ್ಕೆ ಅವರು ಗಂಡ ಹೆಂಡತಿ ಆದರು!

ಆದರೆ ಹಾಗೆ ಸಿಕ್ಕ ಹಕ್ಕಿನ ಇನ್ನೊಂದು ಮುಖವೂ ಇದೆ. ಒಂದೊಂದು ಧರ್ಮಕ್ಕೆ ಒಂದೊಂದು ಕಾಯ್ದೆ, ಒಂದೊಂದು ವಯಸ್ಸು. ಹಿಂದೂ ಹುಡುಗಿಗೆ 14, ಮುಸ್ಲಿಂ ಹುಡುಗಿಗೆ 12, ಆಫ್ರಿಕಾ ಮೂಲದ ಒರಿಶಾ ಧರ್ಮದ ಹುಡುಗಿಗೆ 16. ಇದೆಲ್ಲ ತೆಗೆದು ಎಲ್ಲರಿಗೂ 18 ಮಾಡಿದ್ದು 2017ರಲ್ಲಿ. ಕೆಲವು ಧಾರ್ಮಿಕ ನಾಯಕರು ವಿರೋಧಿಸಿದರು. ಇಷ್ಟು ತಡವಾಗಿ ಬಂದಿದ್ದನ್ನು ನಾನು ಒಪ್ಪಲಾರೆ. ಆದರೆ ನೂರು ವರ್ಷ ಮದುವೆಯೇ ಅಲ್ಲ ಅನ್ನಿಸಿಕೊಂಡವರು, ಸಿಕ್ಕಿದ ಕಾಯ್ದೆಯನ್ನು ಮುಟ್ಟಿದಾಗ ಯಾಕೆ ಹೆದರುತ್ತಾರೆ ಅನ್ನುವುದು ಗೊತ್ತಾಗುತ್ತದೆ. ನಿಮ್ಮ ಕಾದಂಬರಿಯಲ್ಲಿ ಅವರನ್ನು ಬರೀ ಖಳರು ಮಾಡಬೇಡಿ.

ಇನ್ನೊಂದು ಕಾನೂನು ನನಗೆ ಮರೆಯೋಕೆ ಆಗಲ್ಲ. 1917ರಲ್ಲಿ ಬ್ರಿಟಿಷರು ಟ್ರಿನಿಡಾಡ್‌ನಲ್ಲಿ "ಶೌಟರ್" ಬ್ಯಾಪ್ಟಿಸ್ಟರ, ಅಂದರೆ ಕೂಗಿ ಪ್ರಾರ್ಥಿಸುವ ಒಂದು ಕ್ರೈಸ್ತ ಪಂಗಡದವರ, ಪೂಜೆ ನಿಷೇಧಿಸಿದರು. ಕಾನೂನಿನಲ್ಲಿ ಪಟ್ಟಿಯೇ ಇತ್ತು: ತಲೆಗೆ ಬಿಳಿ ಬಟ್ಟೆ ಕಟ್ಟುವುದು, ಹೊತ್ತಿಸಿದ ಮೇಣದಬತ್ತಿ ಹಿಡಿಯುವುದು, ಗಂಟೆ ಬಾರಿಸುವುದು. ಪೊಲೀಸರು ಮೇಣದಬತ್ತಿ ಹಿಡಿಯಲು ಬರುತ್ತಿದ್ದರು ಅಂತ ಊಹಿಸಿಕೊಳ್ಳಿ. 1951ರ ಮಾರ್ಚ್ 30ಕ್ಕೆ ಅದು ರದ್ದಾಯಿತು. 1996ರಿಂದ ಆ ದಿನ ಇಡೀ ದೇಶಕ್ಕೆ ರಜೆ.

ಕ್ರಿಕೆಟ್‌ಕಿಟ್ಟಿ:
ಗಾಂಜಾ ಬಗ್ಗೆ ಯಾರೂ ಮಾತಾಡುತ್ತಿಲ್ಲ, ನಾನೇ ಹೇಳಿಬಿಡುತ್ತೇನೆ. ಟ್ರಿನಿಡಾಡ್‌ನಲ್ಲಿ 2019ರ ಡಿಸೆಂಬರ್‌ನಿಂದ 30 ಗ್ರಾಂವರೆಗೆ ಇಟ್ಟುಕೊಂಡರೆ ಕೇಸಿಲ್ಲ, ಮನೆಯಲ್ಲಿ ವಯಸ್ಕರು ತಲಾ ನಾಲ್ಕು ಗಿಡ ಬೆಳೆಸಬಹುದು. ಜಮೈಕಾ 2015ರಲ್ಲೇ ಸಡಿಲ ಮಾಡಿತ್ತು. ಪೂರ್ತಿ "ಅಡ್ಡಿ ಇಲ್ಲ" ಅಲ್ಲ, ಎಣಿಸಿ ಕೊಟ್ಟಿದ್ದಾರೆ. ಇದನ್ನು ನಾನು ಓದಿ ತಿಳಿದಿದ್ದು, ದಯವಿಟ್ಟು ನಮ್ಮ ಮನೆಯವರಿಗೆ ಹೇಳಬೇಡಿ.

ನೀಲಿಶಾಯಿ:
ಎಲ್ಲಾ ಸರಿ, ದಂಗೆ ಇಲ್ಲದಿದ್ದರೆ ನನ್ನ ಮೊದಲ ಅಧ್ಯಾಯವೇ ಹೋಯಿತು. ಬಂದೂಕಿನ ಸದ್ದಿನಿಂದ ಶುರುವಾಗುತ್ತಿತ್ತು.

ಗ್ಯಾಸ್‌ಪೈಪು:
ಬಂದೂಕು ಬೇಕಾದರೆ ಗಣರಾಜ್ಯ ಆದ ಮೇಲೆ ಇಡಿ. 1990ರ ಜುಲೈ 27, ಶುಕ್ರವಾರ. ಜಮಾತ್ ಅಲ್ ಮುಸ್ಲಿಮೀನ್ ಗುಂಪಿನವರು ಟ್ರಿನಿಡಾಡ್ ಸಂಸತ್ತಿಗೂ ಟಿವಿ ಕೇಂದ್ರಕ್ಕೂ ನುಗ್ಗಿದರು. ಆಗ ರಾಬಿನ್ಸನ್ ಪ್ರಧಾನಿ, ಮೇಲೆ 18-18ರಲ್ಲಿ ಬಂದರಲ್ಲ, ಅವರೇ. ಸೈನ್ಯಕ್ಕೆ ಹಿಂದೆ ಸರಿ ಅಂತ ಹೇಳು ಅಂದರೆ, ಪೂರ್ತಿ ಬಲದಿಂದ ನುಗ್ಗಿ ಅಂದರು. ಕಾಲಿಗೆ ಗುಂಡು ಬಿತ್ತು. ಆರು ದಿನ ಒತ್ತೆ. ಕೊನೆಗೆ ಕ್ಷಮಾದಾನದ ಕಾಗದ ತೋರಿಸಿದ ಮೇಲೆ ಶರಣಾದರು.

ಹಳೇವಕೀಲ:
ಆ ಕ್ಷಮಾದಾನ ಊರ್ಜಿತವಲ್ಲ ಅಂತ ಪ್ರಿವಿ ಕೌನ್ಸಿಲ್ 1994ರಲ್ಲಿ ಹೇಳಿತು. ಆದರೆ ಇಷ್ಟೆಲ್ಲಾ ಆದ ಮೇಲೆ ಮತ್ತೆ ವಿಚಾರಣೆ ಮಾಡುವುದೂ ಅನ್ಯಾಯ ಅಂದಿತು. ನಾನು ಆ ತೀರ್ಪನ್ನು ಮೂರು ಸಲ ಓದಿದ್ದೇನೆ.

ಗ್ಯಾಸ್‌ಪೈಪು:
ಇನ್ನೂ ವಿಚಿತ್ರ ಬೇಕಾದರೆ ಡೊಮಿನಿಕಾ, 1981. ಅಮೆರಿಕ, ಕೆನಡಾದ ಬಿಳಿ ಜನಾಂಗವಾದಿಗಳು ಕೆಲವರು ಸೇರಿ, ಕರಿಯರೇ ತುಂಬಿರುವ ಆ ದ್ವೀಪದ ಸರ್ಕಾರವನ್ನು ಉರುಳಿಸಲು ಹೊರಟಿದ್ದರು. ಜೊತೆಗೆ ಅಲ್ಲಿನ ಮಾಜಿ ಪ್ರಧಾನಿಯ ಕೈವಾಡ. ದೋಣಿ ಬಾಡಿಗೆಗೆ ಕೇಳಿದರೆ ದೋಣಿಯವನೇ ಅಧಿಕಾರಿಗಳಿಗೆ ಸುಳಿವು ಕೊಟ್ಟ. ಅಮೆರಿಕದ ನ್ಯೂ ಆರ್ಲಿಯನ್ಸ್ ದಾಟುವ ಮೊದಲೇ ಸಿಕ್ಕಿಬಿದ್ದರು. ಪ್ರಧಾನಿ ಯೂಜಿನಿಯಾ ಚಾರ್ಲ್ಸ್ ಅದೇ ವರ್ಷ ತಮ್ಮ ಸೈನ್ಯವನ್ನೇ ವಿಸರ್ಜಿಸಿಬಿಟ್ಟರು. ಇವತ್ತಿಗೂ ಡೊಮಿನಿಕಾಕ್ಕೆ ಸೈನ್ಯ ಇಲ್ಲ, ಪೊಲೀಸರೇ ಎಲ್ಲಾ.

ಬೇಲಿಹೂವು:
ಇದನ್ನು ಕಾದಂಬರಿಯಲ್ಲಿ ಬರೆದರೆ ಓದುಗರು ನಂಬುವುದಿಲ್ಲ.

ನೀಲಿಶಾಯಿ:
ನಿನ್ನೆ ರಾತ್ರಿ ಕೂತು ಮೊದಲ ಅಧ್ಯಾಯ ಹರಿದು ಹಾಕಿದೆ. ಈಗ ಕಥೆ ಶುರುವಾಗುವುದು ಮದುವೆ ನೋಂದಣಿ ಕಚೇರಿಯಲ್ಲಿ. ಗಣರಾಜ್ಯವಾದ ಮಾರನೇ ಬೆಳಿಗ್ಗೆ. ಗೋಡೆಯ ಮೇಲೆ ರಾಣಿಯ ಫೋಟೋ ಇದ್ದ ಜಾಗ ಬೆಳ್ಳಗೆ ಚೌಕವಾಗಿ ಉಳಿದಿದೆ. ಗುಮಾಸ್ತೆ ಬೀರು ತೆಗೆದರೆ ಎಲ್ಲಾ ಫಾರಂ ಮೇಲೆ ರಾಣಿಯ ಹೆಸರು. ಹೊಸ ಫಾರಂ ಇನ್ನೂ ಅಚ್ಚಾಗಿಲ್ಲ. ಎದುರಿಗೆ ಗಂಡು ಹೆಣ್ಣು ನಿಂತಿದ್ದಾರೆ. ಏನು ಮಾಡುತ್ತಾಳೆ ಸಾರ್?

ಹಳೇವಕೀಲ:
ಸ್ಕೇಲು ಇಟ್ಟು ಗೆರೆ ಎಳೆಯುತ್ತಾಳೆ. ನಾನು ಕಣ್ಣಾರೆ ನೋಡಿದ್ದೇನೆ. 1973ರ ನವೆಂಬರ್‌ನಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತಲ್ಲ, ಮರುವರ್ಷ ನಾನು ಒಬ್ಬ ಹಿರಿಯ ವಕೀಲರ ಹತ್ತಿರ ಕೆಲಸಕ್ಕೆ ಸೇರಿದೆ. ಅಲ್ಲಿನ ಹಳೇ ಫಾರಂಗಳಲ್ಲಿ "ಮೈಸೂರು" ಅನ್ನುವುದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕರ್ನಾಟಕ" ಅಂತ ಬರೆಯುವುದೇ ನನ್ನ ಮೊದಲ ಕೆಲಸ. ದಿನಕ್ಕೆ ನೂರು ಫಾರಂ. ಮೊದಲ ವಾರ ಸ್ಕೇಲು ಹಿಡಿದೆ. ಆಮೇಲೆ ಕೈಯಲ್ಲೇ.

ನೀಲಿಶಾಯಿ:
ಆ ಫಾರಂ ಎಷ್ಟು ವರ್ಷ ಓಡಿತು?

ಹಳೇವಕೀಲ:
ಮುಗಿಯುವವರೆಗೆ.